ದಾಕಿನ ಶೇಷಪ್ಪನ ರೇನ್‌ಕೋಟು

ಹೊಸನಗರದಿಂದ ಹುಲಿಕಲ್ಲಿನವರೆಗೆ ಮಕ್ಕಳ ತೋಳಿಗೆ ಸಿಡುಬಿನ ದಾಕು ಹಾಕುತ್ತ ಹತ್ತೊಂಬತ್ತು ವರ್ಷ ಸೈಕಲ್ ತುಳಿದ ಶೇಷಪ್ಪನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಅವನ ಕೈ ನಡುಗುವುದಿಲ್ಲ. ಇನ್ನೊಂದು, ಆಷಾಢದಲ್ಲೂ ಅವನ ಎದೆ ನೆನೆಯುವುದಿಲ್ಲ. ಅಂಗಿಯೊಳಗೆ ಎದೆಗೊಂದು ಅಡಿಕೆ ಹಾಳೆ, ಮೇಲೆ ಕಂಬಳಿ ಕೊಪ್ಪೆ, ಅದರ ಚುಂಗು ಚಕ್ರಕ್ಕೆ ಸಿಗದಂತೆ ಸೊಂಟಕ್ಕೆ ಬಾಳೆನಾರು. ಘಟ್ಟದ ಗಾಳಿ ಹಾಳೆಗೆ ಬಡಿದು ವಾಪಸು ಹೋಗಬೇಕು.

೧೯೬೪ರಲ್ಲಿ ಬಂದ ಹೆಲ್ತ್ ಇನ್ಸ್‌ಪೆಕ್ಟರ್ ನಾರಾಯಣಮೂರ್ತಿಯವರು ಕೆಮ್ಮುವಾಗಲೂ ಇಲಾಖೆಯ ಪರವಾಗಿಯೇ ಕೆಮ್ಮುತ್ತಿದ್ದರು. ಬಂದ ವರ್ಷವೇ ರಬ್ಬರು ರೇನ್‌ಕೋಟು ತರಿಸಿ, ಸಿಕ್ಕಿತೆಂದು ಶೇಷಪ್ಪನ ರುಜು ಹಾಕಿಸಿಕೊಂಡು, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಳೆಯಲ್ಲಿ ಕೊಟ್ಟರೆ ನೆನೆದು ಕೆಡುತ್ತದೆ ಎಂಬುದು ಅವರ ವಾದ. ಮರುವರ್ಷ ಕಂಬಳಿಯನ್ನೂ ನಿಷೇಧಿಸಿದರು. ಕಂಬಳಿ ಹೊದ್ದವನನ್ನು ಕಂಡರೆ ಜನ ಸರ್ಕಾರ ಬಂತು ಅನ್ನುವುದಿಲ್ಲವಂತೆ, ದನ ಕಾಯುವವ ಬಂದ ಅನ್ನುತ್ತಾರಂತೆ. ಅಂಗಿಯೊಳಗಿನ ಹಾಳೆಯನ್ನೂ ಬಿಚ್ಚಿಸಿದರು.

ಬರೀ ಅಂಗಿಯಲ್ಲಿ ಹೋದ ಶೇಷಪ್ಪ ಹುಲಿಕಲ್ ಮುಟ್ಟುವಾಗ ಹಲ್ಲು ಕಟಕಟ ಅನ್ನುತ್ತಿದ್ದವು. ಅಲ್ಲಿ ಮೊದಲ ಮನೆಯ ಅಜ್ಜಿ ಕನ್ನಮ್ಮ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಸೂಜಿ ಹಿಡಿದ. ಅವಳು ಮಗುವಿನ ತೋಳು ಮುಚ್ಚಿದಳು.

"ನಿನ್ ಕೈ ನೋಡ್ಕ ಮಾರಾಯ, ಹೆಂಗ್ ಕುಣೀತೈತೆ. ಇವತ್ತು ಬ್ಯಾಡ. ಒಲೆ ಮುಂದೆ ಕೂತ್ಕ."

ಹತ್ತೊಂಬತ್ತು ವರ್ಷದಲ್ಲಿ ಒಂದು ಮನೆಯೂ ಅವನನ್ನು ಹಾಗೆ ತಡೆದಿರಲಿಲ್ಲ. ಬಚ್ಚಲೊಲೆಯ ಮುಂದೆ ಮೈ ಒಣಗಿತು, ಸಿಟ್ಟು ಆರಲಿಲ್ಲ. ವಾಪಸಾದವನು ನೇರ ಕಚೇರಿಗೆ ನುಗ್ಗಿ ಕೋಟು ಕೊಡಿ ಎಂದ. ಅವನ ಮುಖ ನೋಡಿ ಇನ್ಸ್‌ಪೆಕ್ಟರು ಬೀಗ ತೆಗೆದರು. ಬೂಷ್ಟು ಬೀಗಕ್ಕೆ ಹೆದರಿರಲಿಲ್ಲ. ವರ್ಷವಿಡೀ ಮಡಚಿದಲ್ಲೇ ಇದ್ದ ಕೋಟು ಅಂಟಿಕೊಂಡು ಮುದ್ದೆಯಾಗಿತ್ತು. ಎಳೆದರೆ ತೋಳು ಮಾತ್ರ ಕಿತ್ತು ಬಂತು.

ನಾರಾಯಣಮೂರ್ತಿಯವರು ಆ ತೋಳನ್ನು ಹಿಡಿದುಕೊಂಡೇ, ಕೋಟು ಹಾಳಾದದ್ದಕ್ಕೆ ಶೇಷಪ್ಪ ಸಮಜಾಯಿಷಿ ಬರೆದುಕೊಡಬೇಕು, ರುಜು ಅವನದೇ ಇದೆಯಲ್ಲ ಎಂದರು.

"ಬರೀತೀನಿ ಸ್ವಾಮಿ," ಅಂದ ಶೇಷಪ್ಪ. ದನಿ ಏರಿಸಲಿಲ್ಲ. "ಹುಲಿಕಲ್ಲಿನ ಮಗೀಗೆ ದಾಕು ಹಾಕಿ ಬಂದು ಬರೀತೀನಿ. ಅಲ್ಲೀ ತಂಕ ಆ ತೋಳು ನೀವೇ ಹಾಕ್ಕಳಿ. ಥಂಡಿ ಜೋರೈತೆ."

ಮರುದಿನ ಬೆಳಿಗ್ಗೆ ಕಚೇರಿಯ ಜಗಲಿಯಲ್ಲೇ, ಅವರ ಕಣ್ಣೆದುರಿಗೇ ಎದೆಗೆ ಹಾಳೆ ಕಟ್ಟಿದ, ಕೊಪ್ಪೆ ಹಾಕಿದ, ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಬೈದುಕೊಂಡೇ ತುಳಿದ.

ಕನ್ನಮ್ಮ ಮೊದಲು ಅವನ ಕೈ ನೋಡಿದಳು. ಆಮೇಲೆ ಮಗುವಿನ ತೋಳು ಮುಂದೆ ಮಾಡಿದಳು.