ಮೂರನೇ ಸುತ್ತಿಗೆ ಮುಂಚೆ

ಮಂಡಿಕಲ್ ಕಡೆಯ ನಮ್ಮ ಹಳ್ಳಿಯಲ್ಲಿ ನಲ್ಲಪ್ಪನಷ್ಟು ಅನುಮಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಂಡರೂ ಒಂದೊಂದನ್ನೂ ತಿರುಗಿಸಿ ಹುಳುಕು ಹುಡುಕುವವನು. ಹಾಗಾಗದೆ ಇನ್ನೇನು? ಊರ ಸೇದೋ ಬಾವಿಯ ಹಗ್ಗವನ್ನು ಅವನ ಕೇರಿಯವರು ಮುಟ್ಟುವಂತಿರಲಿಲ್ಲ. ಹೆಂಗಸರು ಬಿಂದಿಗೆ ಹಿಡಿದು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಮಾಡಿ ಸೇದಿ ಮೇಲಿನಿಂದ ಹೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾನೂನು ಬೇರೆಯೇ ಹೇಳುತ್ತಿತ್ತಂತೆ. ಅದು ನಮ್ಮೂರ ಬಾವಿಕಟ್ಟೆಯವರೆಗೆ ಬಂದಿರಲಿಲ್ಲ, ಅಷ್ಟೆ.

ಸಾವಿರದ ಒಂಬೈನೂರ ಅರವತ್ತರಲ್ಲಿ ಪಂಚಾಯ್ತಿ ಚುನಾವಣೆಯಾಗಿ, ಮೀಸಲು ಸ್ಥಾನದಿಂದ ನಲ್ಲಪ್ಪ ಸದಸ್ಯನಾದ. ಅದುವರೆಗೂ "ಏ ನಲ್ಲ" ಎನ್ನುತ್ತಿದ್ದವರು ಮಾರನೇ ದಿನದಿಂದ ಹೆಸರಿಗೆ ಅಪ್ಪ ಸೇರಿಸಿ ಊಟ ಆಯ್ತಾ ಎಂದು ಕೇಳತೊಡಗಿದರು. ಅಧ್ಯಕ್ಷನನ್ನು ಸದಸ್ಯರೇ ಆರಿಸಬೇಕಿತ್ತಲ್ಲ. ಆ ಮರ್ಯಾದೆ ಕಂಡು ನಲ್ಲಪ್ಪನಿಗೆ ಮೈಯೆಲ್ಲ ಉರಿಯಿತು.

ಆರಿಸುವ ದಿನ ತಾಲ್ಲೂಕಿನಿಂದ ಬಂದ ಅಧಿಕಾರಿ ಚಾವಡಿಯಲ್ಲಿ ಕ್ರಮ ತಿಳಿಸಿದರು. ನಿಂತವರು ನಾಲ್ವರು. ಅರ್ಧಕ್ಕಿಂತ ಹೆಚ್ಚು ಓಟು ಬಂದವನೇ ಅಧ್ಯಕ್ಷ. ಯಾರಿಗೂ ಅಷ್ಟು ಬರದಿದ್ದರೆ, ಎಲ್ಲರಿಗಿಂತ ಕಡಿಮೆ ಬಂದವನನ್ನು ಕೈಬಿಟ್ಟು ಮತ್ತೆ ಚೀಟಿ ಹಾಕಬೇಕು. ಒಬ್ಬ ಗೆಲ್ಲುವವರೆಗೂ ಹೀಗೇ.

ಮೊದಲ ಸುತ್ತಿನಲ್ಲಿ ಒಬ್ಬ ಬಿದ್ದ, ಎರಡನೆಯದರಲ್ಲಿ ಇನ್ನೊಬ್ಬ. ತನ್ನ ಓಟು ಯಾರ ಲೆಕ್ಕಕ್ಕೂ ಸಿಗದಿರಲೆಂದು ನಲ್ಲಪ್ಪ ಎರಡು ಸಲವೂ ಬೀಳುವವನಿಗೇ ಹಾಕಿದ್ದ. ಕೊನೆಗೆ ಉಳಿದವರು ಜಮೀನ್ದಾರರಾದ ಕೋನಪ್ಪ, ಚೆನ್ನರಾಯಪ್ಪ. ಮೂರನೇ ಸುತ್ತಿಗೆ ಮುಂಚೆ ಅಧಿಕಾರಿ ಕಾಫಿಗೆಂದು ಬಿಡುವು ಕೊಟ್ಟಾಗ ಇಬ್ಬರೂ ಬೆರಳು ಮಡಿಸಿ ಲೆಕ್ಕ ಹಾಕಿದರು. ಇಬ್ಬರ ಕಡೆಯವರೂ ಸಮ. ಯಾರ ಕಡೆಗೂ ಸಿಗದೆ ಉಳಿದದ್ದು ನಲ್ಲಪ್ಪನ ಒಂದು ಓಟು.

ಇಬ್ಬರೂ ಅವನ ಬಳಿ ಬಂದರು. ಗೆದ್ದರೆ ಬಾವಿ ನಿಮ್ಮ ಕೇರಿಗೂ ಬಿಟ್ಟಂತೆಯೇ ಎಂದು ಇಬ್ಬರೂ ಆಣೆ ಇಟ್ಟರು.

"ಗೆದ್ದ ಮೇಲೆ ಬ್ಯಾಡ ಸ್ವಾಮಿ," ಎಂದ ನಲ್ಲಪ್ಪ. "ಈಗ್ಲೇ ಆಗ್ಲಿ. ನಮ್ಮೋಳು ಬಾವಿ ತಾವ್ಲೇ ನಿಂತವ್ಳೆ."

ಚೆನ್ನರಾಯಪ್ಪ ನಾಲ್ಕು ಜನ ಏನಂದಾರು ಎಂದು ಗೊಣಗಿ ಒಳಗೆ ಹೋದ. ಕೋನಪ್ಪ ಮಾತ್ರ ಚಾವಡಿ ಎದುರಿನ ಬಾವಿಗೆ ನಡೆದ. ಅಲ್ಲಿ ನಲ್ಲಪ್ಪನ ಹೆಂಡತಿ ಕೊಂಡಮ್ಮ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು. ಕೋನಪ್ಪ ತಾನೇ ನೀರು ಸೇದಿ, ಅವಳ ಬಿಂದಿಗೆಗೆ ಹೊಯ್ಯಲು ಬಾಗಿದ. ದೊಡ್ಡ ಉಪಕಾರ ಮಾಡುವವನ ಮುಖ ಅವನದು.

"ಹೊಯ್ಯೋದು ಹೊಸದೇನಲ್ಲ ಸ್ವಾಮಿ," ಎಂದ ಹಿಂದೆಯೇ ಬಂದಿದ್ದ ನಲ್ಲಪ್ಪ. "ಹಗ್ಗ ಅವಳ ಕೈಗೆ ಬರ್ಲಿ."

ಕೋನಪ್ಪ ಸುತ್ತ ನೋಡಿದ. ಜಗಲಿಗಳ ಮೇಲೆಲ್ಲ ಜನ. ಅಷ್ಟರಲ್ಲಿ ಚಾವಡಿಯಿಂದ ಅಧಿಕಾರಿಯ ಕರೆ ಬಂತು. ಹಗ್ಗವನ್ನು ಅವಳ ಕೈಗೆ ಕೊಡಲು ಅವನಿಗೆ ಆಗಲೇ ಇಲ್ಲ; ಕಟ್ಟೆಯ ಮೇಲೆ ಹಾಕಿ ಸರಿದು ನಿಂತ. ಕೊಂಡಮ್ಮ ಮುಂದೆ ಬಂದು ಅದನ್ನು ಎತ್ತಿಕೊಂಡಳು. ಅವಳು ಕೊಡ ಬಾವಿಗಿಳಿಸುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನಲ್ಲಪ್ಪ ಚೀಟಿ ಹಾಕಲು ಹೋದದ್ದು.

ಒಂದು ಓಟಿನಿಂದ ಕೋನಪ್ಪ ಅಧ್ಯಕ್ಷನಾದ. ನಲ್ಲಪ್ಪ ಹೊರಗೆ ಬಂದಾಗ ಬಾವಿಯ ಸುತ್ತ ಅವನ ಕೇರಿಯ ಹೆಂಗಸರೆಲ್ಲ ಸೇರಿದ್ದರು. ಮುದುಕಿ ಮುನಿಗಂಗಮ್ಮ ಹಗ್ಗ ಎಳೆಯುತ್ತಿದ್ದಳು. ಒಂದು ಬಿಂದಿಗೆ ಸಾಕಿತ್ತಲ್ಲ, ಎಲ್ಲರನ್ನೂ ಯಾಕೆ ಕರೆಸಿದೆ ಎಂದು ಅವನು ಹೆಂಡತಿಯನ್ನು ಕೇಳಿದ.

"ನಿಮ್ಮ ಓಟು ಮುಗೀತು," ಎಂದಳು ಕೊಂಡಮ್ಮ. "ನಾಳೆ ಈ ಹಗ್ಗ ಇಲ್ಲೇ ಇರ್ತದೋ ಇಲ್ವೋ ಯಾರ್ ಕಂಡವ್ರೆ? ಇವತ್ತೇ ಎಲ್ರೂ ಮುಟ್ಲಿ."