ಮೋತಿಯ ಬೆರಳು, ಹಾಲಮ್ಮತ್ತೆಯ ಕೂದಲು

ಬೆಳಗ್ಗೆ ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಸಿದೆ. ನೆನೆಹಾಕಿದ್ದ ಹೆಸರುಕಾಳನ್ನು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ರೊಟ್ಟಿ ಬಡಿದು, ಸವಳಂಗಕ್ಕೆ ಹೊರಟಿದ್ದ ಯಜಮಾನರಿಗೆ ಬುತ್ತಿ ಕಟ್ಟಿಕೊಟ್ಟೆ. ಒಗೆದ ಬಟ್ಟೆ ಹರವಲು ಅಂಗಳಕ್ಕೆ ಬಂದರೆ ನಮ್ಮ ನಾಯಿ ಚಿನ್ನಿ ಮುಂಗಾಲೊಂದನ್ನು ಎತ್ತಿಕೊಂಡು ಕುಂಟುತ್ತಾ ಎದುರಿಗೆ ಬಂತು. ನಿನ್ನೆ ಸಂಜೆ ನೆಟ್ಟಗೇ ಇತ್ತು. ಬಕೆಟ್ಟು ಅಲ್ಲೇ ಇಳಿಸಿ, ಅದರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳು ಬಿಡಿಸಿ ನೋಡಿದೆ. ಮೆಕ್ಕೆಜೋಳದ ಚೀಲದ ಪ್ಲಾಸ್ಟಿಕ್ ಎಳೆಯೊಂದು ಬೆರಳಿನ ಬುಡಕ್ಕೆ ಬಿಗಿದುಕೊಂಡು, ಬೆರಳು ಕೆಂಪಗೆ ಊದಿತ್ತು. ಸುತ್ತಲಿನ ರೋಮ ಕತ್ತರಿಸಿ, ಎಳೆಯನ್ನು ಬಿಡಿಸಿ, ಉಪ್ಪುನೀರಲ್ಲಿ ತೊಳೆದು, ದನದ ಡಾಕ್ಟರಿಗೂ ತೋರಿಸಿಕೊಂಡು ಬಂದೆ. ಮನೆಗೆ ಬಂದು ಕತ್ತರಿಸಿದ ರೋಮವನ್ನು ಕಸದ ಜೊತೆ ನೀರೊಲೆಗೆ ಹಾಕಿದೆ. ಹಾಕಬಾರದಿತ್ತು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಇಷ್ಟು ವರ್ಷ ಒಳಗೇ ಕೂತಿದ್ದ ಸಿಟ್ಟು ಹೊಗೆಯ ಜೊತೆ ಎದ್ದು ಬಂತು.

ಸುಟ್ಟ ರೋಮದ ವಾಸನೆ ಬಂದರೆ ನಾನು ನ್ಯಾಮತಿಯ ಈ ಮನೆಯಲ್ಲಿ ಇರುವುದಿಲ್ಲ. ಜಗಳೂರು ಸೀಮೆಯ ಸೊಕ್ಕೆಯಲ್ಲಿ, ನಮ್ಮ ಮಣ್ಣಿನ ಮಾಳಿಗೆಯ ಮನೆಯ ಪಡಸಾಲೆಯಲ್ಲಿ, ಮೂರನೇ ಕ್ಲಾಸಿನ ಹುಡುಗಿಯಾಗಿ ನಿಂತಿರುತ್ತೇನೆ. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಪಡಸಾಲೆ ಅದು. ಸಗಣಿ ಸಾರಿಸಿದ ನೆಲದ ವಾಸನೆ, ಮೂಲೆಯ ಶೇಂಗಾ ಚೀಲಗಳ ವಾಸನೆ, ಮಧ್ಯಾಹ್ನ ಹೆಂಗಸರು ತಲೆ ಬಾಚಲು ಕೂತಾಗ ಕೊಬ್ಬರಿ ಎಣ್ಣೆಯ ವಾಸನೆ. ದೊಡ್ಡಮ್ಮ, ಅವ್ವ, ಹಾಲಮ್ಮತ್ತೆ, ನಾನು, ಒಬ್ಬರ ಹಿಂದೆ ಒಬ್ಬರು ಕೂರುತ್ತಿದ್ದೆವು. ಹಾಲಮ್ಮತ್ತೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಬಿಳಿಚೋಡಿನಿಂದ ತವರಿಗೆ ಬಂದಿದ್ದವಳು. ಕೂತು ತಲೆ ಬಿಚ್ಚಿದರೆ ಅವಳ ಕೂದಲು ನೆಲ ಮುಟ್ಟುತ್ತಿತ್ತು. ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಥೂ ಥೂ ಎಂದು ಉಗುಳಿ ಗೋಡೆಯ ಸಂದಿಗೆ ಸಿಕ್ಕಿಸುವುದು ನಮ್ಮಲ್ಲಿ ರೂಢಿ. ಪಿನ್ನು ರಿಬ್ಬನ್ನಿನವಳು ಬಂದಾಗ ಆ ಉಂಡೆಗಳನ್ನು ಕೊಟ್ಟು ಬಾಚಣಿಗೆಯನ್ನೋ ಸೂಜಿಯನ್ನೋ ಪಡೆಯುತ್ತಿದ್ದೆವು. ಅಷ್ಟೂ ಹೊತ್ತು ಮೋತಿ, ಕಂದು ಬಣ್ಣದ ನಮ್ಮ ನಾಯಿ, ಅತ್ತೆಯ ಪಾದದ ಮೇಲೆ ಗದ್ದ ಊರಿ ಮಲಗಿರುತ್ತಿತ್ತು. ಅವಳು ಅದಕ್ಕೆ ಹೇಳದ ಸುದ್ದಿ ಇರಲಿಲ್ಲ. “ಕೇಳಿದ್ಯೇನೋ ಮೋತಿ, ಇವತ್ತೂ ಸಾರಿಗೆ ಉಪ್ಪು ಜಾಸ್ತಿ ಅಂತ ದೊಡ್ಡ ಯಜಮಾನ್ರು ಗುರ್ ಅಂದ್ರು. ನೀನಾರ ಹಂಗೆ ಅನ್ನಬ್ಯಾಡಪ್ಪ” ಎನ್ನುವಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು.

ಆ ದೊಡ್ಡ ಯಜಮಾನ ನಮ್ಮ ದೊಡ್ಡಪ್ಪ. ಎತ್ತು ಕುಂಟಿದರೂ, ಕರು ಮೇವು ಬಿಟ್ಟರೂ, ಕೂಸಿಗೆ ಹೊಟ್ಟೆ ಉಬ್ಬರಿಸಿದರೂ ಅವನಿಗೆ ಗೊತ್ತಿದ್ದ ಮದ್ದು ಒಂದೇ, ಕಾಯಿಸಿದ ಕುಡುಗೋಲಿನ ಬರೆ. ಒಂದು ಬೆಳಗ್ಗೆ ಮೋತಿ ಹಿಂಗಾಲು ಊರದೆ ಕುಂಟಿಕೊಂಡು ಬಂತು. ಮೇಲೆ ಗಾಯವಿಲ್ಲ, ರಕ್ತವಿಲ್ಲ. ಕೂತು ಕೂತು ಬೆರಳು ನೆಕ್ಕುತ್ತಿತ್ತು.

“ವಾಯು ಹಿಡಿದೈತೆ. ಒಂದು ಬರೆ ಎಳೆದ್ರೆ ಓಡ್ತೈತೆ” ಎಂದ ದೊಡ್ಡಪ್ಪ.

“ಅಣ್ಣಾ, ಬೆರಳು ನೆಕ್ಕಂತಾ ಐತೆ. ಒಂದೀಟು ಪಾದ ನೋಡಾನ ತಡಿ” ಎಂದಳು ಅತ್ತೆ.

“ನೀ ಯಾವಾಗ ಡಾಕ್ಟ್ರಾದೆ? ಒಲೆ ನೋಡ್ಕ ಹೋಗು.”

ಕುಡುಗೋಲಿನ ತುದಿ ನೀರೊಲೆಯಲ್ಲಿ ಕೆಂಪಾಯಿತು. ಅಪ್ಪ ಮೋತಿಯ ಬಾಯಿಗೆ ಬಟ್ಟೆ ಬಿಗಿದು ಹಿಡಿದ. ಅಣ್ಣನಿಗೆ ಎದುರಾಡದವನೆಂದು ಊರೆಲ್ಲ ಹೊಗಳುತ್ತಿದ್ದ ಅಪ್ಪ. ಅದನ್ನು ಸಜ್ಜನಿಕೆ ಎನ್ನಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ. ದೊಡ್ಡಪ್ಪನ ಹಿರಿಯ ಮಗ ಬಸಣ್ಣ, ಆಗಲೇ ಮೀಸೆ ಮೂಡಿದವನು, ನೋವಿನ ಕಾಲನ್ನು ಎಳೆದು ಹಿಡಿದ. ತೊಡೆಯ ಮೇಲೆ ಚರ್ ಎಂದಿತು. ಬಟ್ಟೆಯೊಳಗೇ ಮೋತಿ ಕೂಗಿದ ಆ ಕೂಗು, ಪಡಸಾಲೆ ತುಂಬಿದ ಆ ವಾಸನೆ. ಆ ರಾತ್ರಿ ದೊಡ್ಡಪ್ಪ ಮುದ್ದೆ ಉಂಡು, ಎಲೆಯಡಿಕೆ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಗೊರಕೆ ಹೊಡೆದ. ಮೋತಿ ಮಲಗಲಿಲ್ಲ, ಅತ್ತೆಯೂ ಮಲಗಲಿಲ್ಲ.

ಮಾರನೆಯ ದಿನವೂ ಕುಂಟು ಹಾಗೇ ಇತ್ತು. ಗಂಡಸರು ಹೊಲಕ್ಕೆ ಹೋದ ಮೇಲೆ ಅತ್ತೆ ಮೋತಿಯ ಪಾದವನ್ನು ಮಡಿಲಿಗೆ ಎತ್ತಿಕೊಂಡಳು. ಬೆರಳೊಂದು ನೇರಳೆ ಹಣ್ಣಿನಂತೆ ಕಪ್ಪಗೆ ಊದಿತ್ತು. ಬುಡದಲ್ಲಿ ಗೆರೆ ಕೊರೆದಂತಿತ್ತು. ಸೂಜಿಯ ತುದಿಯಿಂದ ಆ ಗೆರೆಯೊಳಗಿನಿಂದ ಅವಳು ಎತ್ತಿದ್ದು ಒಂದು ಕೂದಲು. ಸುತ್ತಿ ಸುತ್ತಿ ಮಾಂಸದೊಳಕ್ಕೆ ಹೂತುಹೋಗಿದ್ದ ಉದ್ದನೆಯ ಕೂದಲು. “ಅಯ್ಯೋ ನನ್ನಪ್ಪಾ, ಇಷ್ಟಕ್ಕೆ ನಿನ್ನ ಸುಟ್ರಲ್ಲೋ” ಎಂದು ಕತ್ತರಿಸಿ ತೆಗೆದಳು. ಮೋತಿ ಅವಳ ಮುಂಗೈ ನೆಕ್ಕಿತು. ಸಂಜೆಯ ಹೊತ್ತಿಗೆ ಕಾಲನ್ನು ಒಂದಿಷ್ಟು ನೆಲಕ್ಕೆ ತಾಗಿಸಿತು.

ಅತ್ತೆ ಸುಮ್ಮನಿರಬಹುದಿತ್ತು. ಮುಚ್ಚಿಡಲು ಬಾರದವಳು, ಸಂಜೆ ದೊಡ್ಡಪ್ಪನಿಗೆ ಹೇಳಿದಳು. ಅವನು ಕೂದಲನ್ನು ದೀಪದ ಬೆಳಕಿಗೆ ಹಿಡಿದು ನೋಡಿದ. “ಇಷ್ಟುದ್ದ ಕೂದ್ಲು ಈ ಮನಿಯಾಗೆ ಇನ್ಯಾರ್ದೈತೆ? ಎಲ್ಲೆಂದ್ರಲ್ಲಿ ಉದುರಿಸ್ಕೊಂತಾ ತಿರುಗಾಡಿದ್ರೆ ಇನ್ನೇನಾಗ್ತೈತೆ? ಇನ್ಮ್ಯಾಲೆ ಪಡಸಾಲ್ಯಾಗೆ ತಲೆ ಬಿಚ್ಚಬ್ಯಾಡ” ಎಂದ. ಅಲ್ಲಿ ದಿನಾ ತಲೆ ಬಾಚುತ್ತಿದ್ದವರು ನಾವೆಲ್ಲ. ಅವ್ವನ ಕೂದಲೇನು ಗಿಡ್ಡವಿತ್ತೆ, ದೊಡ್ಡಮ್ಮನದು ಗಿಡ್ಡವಿತ್ತೆ? ಕೂದಲಿನ ಮೇಲೆ ಹೆಸರು ಬರೆದಿತ್ತೆ? ಗಂಡನಿಲ್ಲದವಳು ಯಾರೋ ಅವಳದೇ ಕೂದಲು ಎಂದಾಯಿತು, ಅಷ್ಟೇ. ವಾರ ಕಳೆದು ಮೋತಿ ಓಡಾಡತೊಡಗಿದಾಗ ಅದೇ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು, “ಒಂದೇ ಬರೆ ನೋಡ್ರಿ. ಹೆಂಗೆ ಎದ್ದು ನಿಂತೈತೆ ನೋಡ್ರಿ” ಎಂದು ಮೀಸೆ ತಿರುವಿದ. ಆ ಬರೆ ಕೀವಾಗಿ, ನೊಣ ಮುತ್ತಿ, ಅತ್ತೆ ಬೇವಿನೆಲೆಯ ನೀರಲ್ಲಿ ದಿನಾ ತೊಳೆದದ್ದನ್ನು ಯಾರೂ ಹೇಳಲಿಲ್ಲ. ಜನ ನಂಬಿದರು. ಕುಂಟುವ ಕರುಗಳನ್ನು ಹೊಡೆದುಕೊಂಡು ನಮ್ಮ ಬಾಗಿಲಿಗೇ ಬಂದರು.

ಅವತ್ತಿನಿಂದ ಅತ್ತೆ ಎಣ್ಣೆ ಬಟ್ಟಲು, ಬಾಚಣಿಗೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ತಿಪ್ಪೆಯ ಪಕ್ಕದಲ್ಲಿ ಒಂದು ಜಾಲಿ ಮರ, ಅದರ ಜರಡಿಯಂಥ ನೆರಳು. ಅಲ್ಲಿ ಕೂತು ತಲೆ ಬಾಚುವಳು. ಮೋತಿ ಹಿಂದೆಯೇ ಹೋಗಿ ಅವಳ ಪಾದದ ಮೇಲೆ ಗದ್ದ ಊರುವುದು. ತೊಡೆಯ ಮೇಲಿನ ಬರೆಯ ಜಾಗದಲ್ಲಿ ಮತ್ತೆ ರೋಮ ಬರಲೇ ಇಲ್ಲ. ಪಡಸಾಲೆಯ ತಂಪಿನಲ್ಲಿ ಕೂತಿದ್ದ ಹೆಂಗಸರಲ್ಲಿ ಒಬ್ಬರಾದರೂ “ಬಾರೇ ಹಾಲಮ್ಮ, ಒಳಗೆ ಬಾ” ಎನ್ನಲಿಲ್ಲ. ಮೋತಿ ಹೋಯಿತು, ಅತ್ತೆ ಹೋದಳು, ದೊಡ್ಡಪ್ಪನೂ ಹೋದ. ಮಾಳಿಗೆ ಕೆಡವಿ ಬಸಣ್ಣ ಸಿಮೆಂಟಿನ ಮನೆ ಕಟ್ಟಿದ. ತಿಪ್ಪೆ ಇದ್ದಲ್ಲಿ ಈಗ ಟ್ರ್ಯಾಕ್ಟರ್ ನಿಲ್ಲುತ್ತದೆ.

ಇವತ್ತು ಸಂಜೆ ಬಸಣ್ಣನೇ ಫೋನ್ ಮಾಡಿದ. ಮಾತಿಗೆ ಮಾತು ಬಂದು ಚಿನ್ನಿ ಕುಂಟಿದ್ದನ್ನು ಹೇಳಿದೆ.

“ಡಾಕ್ಟ್ರು ಯಾಕ್ ಬೇಕಿತ್ತು ತಂಗಿ? ನಮ್ಮಪ್ಪ ಇದ್ದಿದ್ರೆ ಒಂದೇ ಬರೆ. ಮೋತಿ ಹೆಂಗೆ ಎದ್ದಿತ್ತು, ನೆನಪೈತಾ? ಅಂಥ ಕೈಗುಣ ಈಗ ಎಲ್ಲೈತೆ!”

“ನೆನಪೈತೆ ಬಸಣ್ಣ. ಕಾಲು ಹಿಡ್ಕಂಡಿದ್ದೋನು ನೀನೇ ಅಲ್ವ? ನೋವಿನ ಬೆರಳು ನಿನ್ ಕೈಯಾಗೇ ಇತ್ತು. ಯಾಕೆ ನೋಡ್ಲಿಲ್ಲ?”

“ಹಳೇದೆಲ್ಲ ಯಾಕೆ ಕೆದಕ್ತೀಯ, ಬಿಡವ್ವ.”

“ಕೆದಕಿದ್ದು ನೀನು. ಮೋತಿನ ನಡೆಸಿದ್ದು ಹಾಲಮ್ಮತ್ತೆ. ಮೊಮ್ಮಕ್ಕಳಿಗೆ ಹೇಳೋದಿದ್ರೆ ಹಂಗೇ ಹೇಳು.”

ಅವನು ಫೋನಿಟ್ಟ.

ರಾತ್ರಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಚಿನ್ನಿಗೆ ಹಾಲಲ್ಲಿ ನೆನೆಸಿದ ರೊಟ್ಟಿ. ಊಟವಾದ ಮೇಲೆ ನಡುಮನೆಯ ನಟ್ಟನಡುವೆ ಕೂತು ತಲೆ ಬಿಚ್ಚಿದೆ. “ದೀಪ ಹಚ್ಚಿದ ಮ್ಯಾಲೆ ಯಾರಾದ್ರೂ ತಲೆ ಬಾಚ್ತಾರೇನೆ?” ಎಂದರು ಯಜಮಾನರು. “ಬಾಚ್ತಾರೆ” ಎಂದೆ. ನನ್ನ ಮುಖ ನೋಡಿ ಅವರು ಹಾಸಿಗೆ ಹಾಸತೊಡಗಿದರು. ನಿಧಾನವಾಗಿ ಬಾಚಿ, ನೆಲವನ್ನೆಲ್ಲ ಅಂಗೈಯಿಂದ ಸವರಿ, ಒಂದು ಎಳೆಯೂ ಉಳಿಯದ ಹಾಗೆ ಆರಿಸಿ ಉಂಡೆ ಮಾಡಿದೆ. ಎದ್ದು ಹೋಗಿ ಅದನ್ನು ಎಸೆಯೋಣವೆಂದರೆ ಆಗಲಿಲ್ಲ. ಚಿನ್ನಿ ನನ್ನ ಪಾದದ ಮೇಲೆ ಗದ್ದ ಊರಿ, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿತ್ತು.