ಬಸುರಿಯ ಕೈ, ಕೆಮ್ಮಣ್ಣಿನ ಲೇಪ

ಮೊದಲು ಬಂದದ್ದು ಉರಿ. ಬಲಗಡೆ, ಪಕ್ಕೆಲುಬಿನ ಮೇಲೆ, ಅಂಗೈಯಗಲ. ನೋಡಿದರೆ ಚರ್ಮದ ಮೇಲೆ ಏನೂ ಇಲ್ಲ. ರಿಪ್ಪನ್‌ಪೇಟೆಯಿಂದ ಸಾಗರಕ್ಕೆ ದಿನವೂ ಬಸ್ಸಿನಲ್ಲಿ ನಿಂತು ಹೋಗುವವಳು ನಾನು. ಯಾರದ್ದೋ ಬ್ಯಾಗು ಗುದ್ದಿರಬೇಕು ಅಂದುಕೊಂಡೆ. ಕಾಲೇಜಿನಲ್ಲಿ ಪಾಠ ಮಾಡಿದೆ, ಚರ್ಚಾಸ್ಪರ್ಧೆಗೆ ಹೋಗುವ ಮಕ್ಕಳಿಗೆ ಎದುರಾಳಿಯ ಮಾತು ಕತ್ತರಿಸುವುದನ್ನು ಹೇಳಿಕೊಟ್ಟೆ. ಆಮೇಲೆ ಗುಳ್ಳೆ ಎದ್ದವು. ಬೆನ್ನುಮೂಳೆಯ ಪಕ್ಕದಿಂದ ಎದೆಯ ಕೆಳಗಿನವರೆಗೆ, ಸಾಲಾಗಿ, ನೀರು ತುಂಬಿಕೊಂಡು.

ದೊಡ್ಡಮ್ಮ ಕುಪ್ಪಸ ಎತ್ತಿ ನೋಡಿದವಳೇ ಕೈ ಹಿಂದೆಗೆದಳು.

"ಸರ್ಪಸುತ್ತು."

ನಮ್ಮ ಮನೆಯಲ್ಲಿ ನಾಲ್ವರು. ಅಣ್ಣ, ಅತ್ತಿಗೆ ಸೌಮ್ಯ, ನಮ್ಮನ್ನು ಸಾಕಿದ ದೊಡ್ಡಮ್ಮ, ನಾನು. ಅತ್ತಿಗೆ ಆಗ ನಾಲ್ಕು ತಿಂಗಳ ಬಸುರಿ. ಆ ಗಳಿಗೆಯಿಂದ ಮನೆಯ ಕಾನೂನು ಬದಲಾಯಿತು. ಸಾರಿಗೆ ಒಗ್ಗರಣೆ ಇಲ್ಲ. ಸಾಸಿವೆ ಸಿಡಿದರೆ ಸರ್ಪ ಸಿಟ್ಟಾಗುತ್ತದೆ. ಗುಳ್ಳೆಯ ಸಾಲು ಮೈ ಸುತ್ತಿಕೊಂಡು ತಲೆಗೆ ಬಾಲ ಕೂಡಿದರೆ ನಾನು ಸತ್ತೆ. ಕೂಡದಂತೆ ಕೆಮ್ಮಣ್ಣು ಅರೆದು ಹಚ್ಚಬೇಕು.

"ಹಾವು ಎಲ್ಲಿಂದ ಬಂತು ದೊಡ್ಡಮ್ಮ? ಬಸ್ಸಲ್ಲಾ?"

"ನೀ ಎಲ್ಲಾ ಕಡೆ ಮೈಕ್ ಹಿಡ್ಕಂಡು ನಾಗಬನದ ಬಗ್ಗೆ ಮಾತಾಡ್ತೀಯಲ್ಲ, ಅಲ್ಲಿಂದ. ಎಂತ ವಾದ ಮಾಡ್ತೀಯೇ ಮಾರಾಯ್ತಿ, ಬೆನ್ನು ತಿರ್ಗ್ಸು."

ನಾನು ವಾದಿಸಿದೆ. ಹಾವಿಲ್ಲ, ಶಾಪವಿಲ್ಲ, ಒಗ್ಗರಣೆಗೂ ಗುಳ್ಳೆಗೂ ಸಂಬಂಧವಿಲ್ಲ ಎಂದೆ. ಆಸ್ಪತ್ರೆಗೆ ಹೋಗೋಣ ಎಂದೆ. ಸೂಜಿ ಚುಚ್ಚಿದರೆ ವಿಷ ಏರುತ್ತದೆ, ಸ್ವಲ್ಪ ತಡಿ ಎಂದು ಅಣ್ಣನೂ ದೊಡ್ಡಮ್ಮನ ಪಕ್ಷ ಸೇರಿದ. ಸಂಜೆ ಹೊತ್ತಿಗೆ ಬಟ್ಟೆಯ ಗಾಳಿ ಸೋಕಿದರೂ ಕೂಗುವಂತಾಗಿತ್ತು. ನೋವು ಎಂದರೆ ಅಂತಿಂಥದ್ದಲ್ಲ. ಒಳಗಿನಿಂದ ಯಾರೋ ಕಾದ ತಂತಿ ಎಳೆದಂತೆ. ಅಂಥ ನೋವಿನಲ್ಲಿ ಬಾಯಿ ಕೂಡ ದಣಿಯುತ್ತದೆ. ತಣ್ಣಗಿರುತ್ತದೆ ಎಂಬ ಒಂದೇ ಆಸೆಗೆ ಕೆಮ್ಮಣ್ಣಿಗೆ ಒಪ್ಪಿದೆ.

ಹಚ್ಚುವವರು ಯಾರು? ಅದಕ್ಕೂ ದೊಡ್ಡಮ್ಮನ ಬಳಿ ಉತ್ತರವಿತ್ತು. ಬಸುರಿಯನ್ನು ಕಂಡರೆ ಹಾವಿಗೆ ಕಣ್ಣು ಮಂಜಾಗಿ ನಿಂತಲ್ಲೇ ನಿಲ್ಲುತ್ತದಂತೆ. ಮನೆಯಲ್ಲೇ ಬಸುರಿ ಇರುವಾಗ ಬೇರೆಯವರ ಕೈ ಯಾಕೆ?

ಅತ್ತಿಗೆ ಬೆರಳ ತುದಿಯಲ್ಲಿ ಮೆತ್ತಗೆ ಹಚ್ಚಿದಳು. ಬೆಳಿಗ್ಗೆ, ಸಂಜೆ. ಒಡೆದ ಗುಳ್ಳೆಗಳ ಮೇಲೂ. "ನೋವಾದ್ರೆ ಹೇಳು ಲತಾ," ಅನ್ನುತ್ತಿದ್ದಳು. ಆ ದಿನಗಳಲ್ಲಿ ನನಗೆ ಹಿತವಾಗಿದ್ದದ್ದು ಅವಳ ಕೈ ಒಂದೇ.

ಗುಳ್ಳೆ ನಿಲ್ಲಲಿಲ್ಲ. ಜ್ವರ ಬಂತು. ಕೊನೆಗೆ ಅಣ್ಣ ಹೆದರಿ ಸಾಗರದ ಡಾಕ್ಟರ್ ಹತ್ತಿರ ಕರೆದೊಯ್ದ.

ಡಾಕ್ಟರ್ ಮಣ್ಣು ತೊಳೆಸಿ ನೋಡಿ, "ಹರ್ಪಿಸ್ ಜೋಸ್ಟರ್," ಅಂದರು. "ಚಿಕ್ಕವರಿದ್ದಾಗ ನಿಮಗೆ ಅಮ್ಮ ಆಗಿರ್ಬೇಕಲ್ಲ, ಚಿಕನ್‌ಪಾಕ್ಸ್, ಅದೇ ವೈರಸ್. ನರದ ಬುಡದಲ್ಲಿ ಮಲಗಿರ್ತದೆ, ಯಾವಾಗಲೋ ಏಳ್ತದೆ. ಮೊದಲ ಮೂರು ದಿನದೊಳಗೆ ಬಂದಿದ್ರೆ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿತ್ತು. ಹೊಸ ಗುಳ್ಳೆ ಇನ್ನೂ ಬರ್ತಿದೆ, ಹಾಗಾಗಿ ಈಗಲೂ ಕೊಡ್ತೀನಿ."

ಒಂದು ನರ ದೇಹದ ಒಂದೇ ಮಗ್ಗುಲಿಗೆ ಹರಡುವುದರಿಂದ ಗುಳ್ಳೆ ಸಾಮಾನ್ಯವಾಗಿ ಇನ್ನೊಂದು ಬದಿಗೆ ದಾಟುವುದಿಲ್ಲವಂತೆ. ಅಂದರೆ ತಲೆ, ಬಾಲ ಕೂಡುವ ಮಾತೇ ಇಲ್ಲ. ಕೂಡದ್ದನ್ನು ಕೂಡದಂತೆ ತಡೆಯುವ ಮದ್ದಿಗೆ ಸೋಲೆಲ್ಲಿಯದು! ದೊಡ್ಡಮ್ಮನಿಗೆ ಎಸೆಯಲು ಒಳ್ಳೆಯ ಪಾಯಿಂಟು ಸಿಕ್ಕಿತೆಂದು ಆ ನೋವಿನಲ್ಲೂ ನನಗೆ ಖುಷಿಯಾಯಿತು.

"ಗುಳ್ಳೆಯ ನೀರು ಯಾರಿಗೂ ತಾಗಬಾರದು," ಡಾಕ್ಟರ್ ಬರೆಯುತ್ತಲೇ ಹೇಳಿದರು. "ಅಮ್ಮ ಆಗದೇ ಇದ್ದವರಿಗೆ ಇದರಿಂದ ಅಮ್ಮ ಬರಬಹುದು. ಮನೆಯಲ್ಲಿ ಗರ್ಭಿಣಿಯರು ಇಲ್ಲ ತಾನೆ?"

ಅಣ್ಣ ನನ್ನ ಮುಖ ನೋಡಿದ.

ಇಡೀ ಊರಿನಲ್ಲಿ ನನ್ನಿಂದ ದೂರ ಇರಬೇಕಾದವಳು ಒಬ್ಬಳಿದ್ದರೆ ಅವಳು ಸೌಮ್ಯ. ಅವಳನ್ನೇ ಆರಿಸಿ ಕೂರಿಸಿದ್ದೆವು.

ಅವಳಿಗೆ ಅಮ್ಮ ಆಗಿತ್ತೇ? ಹೊಸನಗರದಲ್ಲಿರುವ ಅವಳ ತಾಯಿಗೆ ಅಣ್ಣ ಫೋನ್ ಮಾಡಿದ. "ಎಂತದೋ ಎದ್ದಿತ್ತಪ್ಪ, ಅಮ್ಮನೋ ದಡಾರವೋ, ಈಗ ನೆನಪೆಲ್ಲಿ?" ಆಗಿರದಿದ್ದರೆ ಅತ್ತಿಗೆಗೂ ಅಪಾಯ, ಹೊಟ್ಟೆಯ ಮಗುವಿಗೂ ಅಪಾಯ. ರಕ್ತ ಶಿವಮೊಗ್ಗದ ಲ್ಯಾಬಿಗೆ ಹೋಯಿತು.

ರಿಪೋರ್ಟ್ ಬರುವವರೆಗೆ ನಾನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದೆ. ಒಗ್ಗರಣೆಯಿಲ್ಲದ ಸಾರು ಹೊಸಿಲಿನಾಚೆ ಬರುತ್ತಿತ್ತು. ಗುಳ್ಳೆ ಉರಿಯುತ್ತಿದ್ದರೂ ಲೆಕ್ಕಕ್ಕಿರಲಿಲ್ಲ. ಬಾಗಿಲಾಚೆ ಅತ್ತಿಗೆ ಕೆಮ್ಮಿದರೆ ಸಾಕು, ಎದ್ದು ಬಾಗಿಲಿಗೆ ಕಿವಿ ಹಚ್ಚುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಮುಚ್ಚಿದ ಬಾಗಿಲಾಚೆ ಬಂದು ಕೂತಳು.

"ಲತಾ, ಹಾವಿಲ್ಲ ಅಂತ ಅಷ್ಟು ಚಂದ ವಾದ ಮಾಡ್ದೆ. ಹಾವಲ್ದೆ ಹೋದ್ರೆ ಮತ್ತೆಂತದು ಅಂತ ಫೋನಲ್ಲಿ ಒಂದ್ಸಲ ನೋಡಕ್ಕಾಗ್ಲಿಲ್ವನೇ?"

ನಾನು ಫೋನನ್ನು ದಿಂಬಿನಡಿಗೆ ತಳ್ಳಿದೆ.

ರಿಪೋರ್ಟ್ ಬಂತು. ಅವಳ ರಕ್ತದಲ್ಲಿ ರಕ್ಷಣೆ ಮೊದಲೇ ಇತ್ತು. ಹೊಸನಗರದ ಆ 'ಎಂತದೋ' ಅಮ್ಮನೇ ಆಗಿತ್ತು. ಅಣ್ಣ ಅಂಗಳದಲ್ಲಿ ನಿಂತು ಅದನ್ನು ಎರಡೆರಡು ಸಲ ಓದಿದ. ದೊಡ್ಡಮ್ಮ ದೇವರಿಗೆ ದೀಪ ಹಚ್ಚಿ ಬಂದು, "ನಾ ಹೇಳ್ಲಿಲ್ವ, ಬಸುರಿ ತಂಟೆಗೆ ಹಾವು ಬರಲ್ಲ ಅಂತ!" ಅಂದಳು.

ಹಾವು ಗೆದ್ದಿತು. ನೋವು ಮಾತ್ರ ನನ್ನ ಪಾಲಿಗೆ.

ಗುಳ್ಳೆ ಒಣಗಿ ತಿಂಗಳುಗಳಾದವು. ಮನೆಯಲ್ಲಿ ಮತ್ತೆ ಸಾಸಿವೆ ಸಿಡಿಯುತ್ತದೆ. ನನ್ನ ನರ ಇನ್ನೂ ಉರಿಯುತ್ತದೆ. ಬಸ್ಸಿನಲ್ಲಿ ಬಲಗಡೆ ಯಾರೂ ನಿಲ್ಲದಂತೆ ಕಂಬಕ್ಕೆ ಆತು ನಿಲ್ಲುತ್ತೇನೆ. ಸರಿಯಾಗಬಹುದು, ತಡವಾಗಬಹುದು ಅನ್ನುತ್ತಾರೆ ಡಾಕ್ಟರ್. ಅವರ 'ಬಹುದು'ಗಳನ್ನು ನಂಬುತ್ತೇನೆ. ಖಚಿತವಾಗಿ ಹೇಳುವವರ ಮಾತು ಕೇಳಿ ಸಾಕಾಗಿದೆ, ನನ್ನದೂ ಸೇರಿ.

ಮೊನ್ನೆ ಹುಂಚದಿಂದ ನೆಂಟರ ಹೆಂಗಸೊಬ್ಬಳು ಬಂದಿದ್ದಳು. ಅವಳ ಗಂಡನಿಗೆ ಸೊಂಟದಲ್ಲಿ ಸರ್ಪಸುತ್ತು ಎದ್ದಿದೆಯಂತೆ. ದೊಡ್ಡಮ್ಮ ಕೆಮ್ಮಣ್ಣಿನಿಂದ ಶುರು ಮಾಡಿದಳು. ಹಾವಿನ ಬಗ್ಗೆ ನನ್ನ ನಾಲಗೆಯ ಮೇಲಿದ್ದದ್ದನ್ನೆಲ್ಲ ನುಂಗಿ, "ಹಾವೇ ಇರ್ಲಿ ಚಿಕ್ಕಮ್ಮ," ಅಂದೆ, "ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮತ್ತೆ ಮನೇಲಿ ಬಸುರಿ ಇದ್ರೆ ಹತ್ರ ಬಿಡ್ಬೇಡಿ."

ಹೆಂಗಸು ದೊಡ್ಡಮ್ಮನ ಕಡೆ ನೋಡಿದಳು.

ದೊಡ್ಡಮ್ಮ ಒಳಗಿದ್ದ ಅತ್ತಿಗೆಯ ತುಂಬಿದ ಹೊಟ್ಟೆಯ ಕಡೆ ನೋಡಿದಳು.

"ಹ್ಞೂಂ," ಅಂದಳು. "ಬಿಡ್ಬೇಡಿ."